ಅಪ್‌ಡೇಟ್: ಎಂಎಸ್ಸಿ ಪಾಠ ತಲೆಗೆ ಹೋಗ್ತಿಲ್ಲ ಅಂದಿದ್ದೆನಲ್ಲ

ಹದಿನೈದು ದಿನದ ಹಿಂದೆ ಕೇಳಿದ್ದೆ: ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮಾಧ್ಯಮ, ಈಗ ಎಂಎಸ್ಸಿ ಫಿಸಿಕ್ಸ್, ಕ್ವಾಂಟಮ್ ಮೆಕ್ಯಾನಿಕ್ಸ್ ಬರೆದುಕೊಳ್ಳುವಷ್ಟರಲ್ಲಿ ಬೋರ್ಡ್ ಒರೆಸಿರುತ್ತಾರೆ, ಏನು ಮಾಡಲಿ ಅಂತ.

ನಿಮ್ಮಲ್ಲಿ ಕೆಲವರು ಹೇಳಿದ ಎನ್‌ಪಿಟಿಇಎಲ್ (ಐಐಟಿ, ಐಐಎಸ್ಸಿಗಳ ಆನ್‌ಲೈನ್ ಪಾಠ) ವಿಡಿಯೊ ಚೆನ್ನಾಗೇ ಇವೆ, ಆದರೆ ರಾತ್ರಿ ನೋಡುತ್ತಾ ನಿದ್ದೆ ಹೋದೆ. ಇಂಗ್ಲಿಷ್ ನ್ಯೂಸ್‌ಪೇಪರ್ ಓದಿಯೂ ಉಪಯೋಗವಾಗಲಿಲ್ಲ. ಅದರಲ್ಲಿ ಐಗನ್‌ವ್ಯಾಲ್ಯೂ (ಮ್ಯಾಟ್ರಿಕ್ಸ್ ಲೆಕ್ಕದಲ್ಲಿ ಬರುವ ಒಂದು ವಿಶೇಷ ಸಂಖ್ಯೆ) ಎಲ್ಲಿ ಬರುತ್ತೆ ಹೇಳಿ!

ಕೈಹಿಡಿದಿದ್ದು "ಸೀನಿಯರ್ ನೋಟ್ಸ್ ಇಸ್ಕೊಂಡು ಹಿಂದಿನ ದಿನವೇ ಓದಿ" ಅಂದವರ ಮಾತು. ಹಾಸ್ಟೆಲ್‌ನ ಅಕ್ಕ ಕೊಟ್ಟ ನೋಟ್ಸಿನ ಅಂಚಲ್ಲಿ ಪೆನ್ಸಿಲ್‌ನಲ್ಲಿ, ಕನ್ನಡದಲ್ಲೇ, "ಇಲ್ಲಿ ಮೈನಸ್ ಮರೀಬೇಡ" ಅಂತಿದೆ. ಈಗ ಕ್ಲಾಸಲ್ಲಿ ಬರೆಯೋದು ಕಡಿಮೆ, ಕೇಳೋದು ಜಾಸ್ತಿ.

ಆಮೇಲೆ ಗೊತ್ತಾಗಿದ್ದು: ತೊಡಕು ಇಂಗ್ಲಿಷಿನದಲ್ಲ, ಬಿಎಸ್ಸಿಯಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದ ಮ್ಯಾಟ್ರಿಕ್ಸ್‌ನದು. ಪಟಪಟ ಇಂಗ್ಲಿಷ್ ಮಾತಾಡುವ ಪಕ್ಕದ ಬೆಂಚಿನವಳೂ ಅಲ್ಲೇ ಸಿಕ್ಕಿಕೊಂಡಿದ್ದಳು. ಈಗ ಭಾನುವಾರ ಇಬ್ಬರೂ ಸೇರಿ ಲೆಕ್ಕ ಮಾಡುತ್ತೇವೆ. ಮೊದಲ ಇಂಟರ್ನಲ್‌ನಲ್ಲಿ 20ಕ್ಕೆ 13 ಬಂತು.