ಬೆನ್ನಿಗೆ ಹಾಕುವ ಸ್ಕ್ರೂ, ರಾಡು, ಕೇಜು: ನೀವು ಕೇಳಿದ್ದು, ಇಂಜಿನಿಯರ್ ಹೇಳಿದ್ದು

ಅಡ್ಮಿನ್: ಈ ಭಾನುವಾರ ನಮ್ಮ ದಾವಣಗೆರೆ ಗುಂಪಿಗೆ ಸಿಕ್ಕಿರುವವರು ನಮ್ಮೂರಿನವರೇ. ಯುಬಿಡಿಟಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿ, ಈಗ ಬೆಂಗಳೂರಿನಲ್ಲಿ ಬೆನ್ನುಮೂಳೆಯ ಇಂಪ್ಲಾಂಟ್ ಡಿಸೈನ್ ಮಾಡುತ್ತಾರೆ. ಅವರು ಡಾಕ್ಟರ್ ಅಲ್ಲ. ಆಪರೇಷನ್ ಬೇಕಾ ಬೇಡವಾ ಅಂತ ಕೇಳಬೇಡಿ, ಉತ್ತರ ಬರಲ್ಲ.

ಜಗಳೂರಿನ ಸದಸ್ಯೆ: ಅಣ್ಣಾ, ಅಮ್ಮನಿಗೆ 61 ವರ್ಷ. ಸೊಂಟದಲ್ಲಿ ಎಲ್4 ಮೂಳೆ ಎಲ್5 ಮೇಲೆ, ಅಂದರೆ ಸೊಂಟದ ನಾಲ್ಕನೇ ಮೂಳೆ ಐದನೆಯದರ ಮೇಲೆ, ಮುಂದಕ್ಕೆ ಜಾರಿದೆ. ಬಸ್ ಸ್ಟಾಪಿನವರೆಗೆ ನಡೆಯೋದರೊಳಗೆ ಎರಡು ಸಲ ಕೂರುತ್ತಾರೆ, ಕಾಲು ಜೋಮು. ಫ್ಯೂಷನ್ ಮಾಡೋಣ, ಅಂದರೆ ಎರಡೂ ಮೂಳೆ ಸೇರಿಸಿ ಒಂದು ಮಾಡೋಣ, ನಾಲ್ಕು ಸ್ಕ್ರೂ, ಎರಡು ರಾಡು, ಒಂದು ಕೇಜು ಅಂದಿದ್ದಾರೆ. ಕೇಜಲ್ಲಿ ಪೀಕ್ ಅಂತ ಒಂದು, ತ್ರೀಡಿ ಪ್ರಿಂಟ್ ಮಾಡಿದ ಟೈಟಾನಿಯಂ ಅಂತ ಒಂದು. ಎರಡನೆಯದಕ್ಕೆ ಜಾಸ್ತಿ ದುಡ್ಡು. ಏನು ವ್ಯತ್ಯಾಸ? ಅಮ್ಮ ಇನ್ನು ಸಾಯೋವರೆಗೂ ಆ ಕಬ್ಬಿಣದ ಮೇಲೇ ನಿಂತಿರಬೇಕಾ?

ಇಂಜಿನಿಯರ್: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಅದರಲ್ಲೇ ಇದೆ. ಇಲ್ಲಮ್ಮ, ನಿಲ್ಲಬೇಕಾಗಿಲ್ಲ. ನಿಲ್ಲಲೂಬಾರದು.

ಮನೆಗೆ ಮೋಲ್ಡ್ ಹಾಕುವಾಗ ಕೆಳಗೆ ಸೆಂಟ್ರಿಂಗ್ ಕೊಡುತ್ತಾರಲ್ವಾ? ಕಾಂಕ್ರೀಟ್ ಗಟ್ಟಿಯಾಗುವವರೆಗೆ ಭಾರ ಅದರ ಮೇಲೆ. ಸ್ಕ್ರೂ, ರಾಡು ಅಂದರೆ ಅಷ್ಟೇ. ಎರಡು ಮೂಳೆಗಳನ್ನು ಅಂಟಿಸೋದು ಲೋಹ ಅಲ್ಲ, ನಡುವೆ ತುಂಬಿದ ಮೂಳೆಯ ಚೂರು. ಅದು ಬೆಳೆದು ಸೇತುವೆ ಕಟ್ಟೋಕೆ ಆರು ತಿಂಗಳಿಂದ ಒಂದು ವರ್ಷ ಬೇಕು. ಅಲ್ಲಿಯವರೆಗೆ ಅಲ್ಲಾಡದ ಹಾಗೆ ಹಿಡಿದಿಡೋದು ನಮ್ಮ ಕೆಲಸ. ಆಮೇಲೆ ಸೆಂಟ್ರಿಂಗ್ ಬಿಚ್ಚಲ್ಲ, ಬಿಚ್ಚೋಕೆ ಇನ್ನೊಂದು ಆಪರೇಷನ್ ಬೇಕಲ್ಲ, ಅದಕ್ಕೆ ಒಳಗೇ ಬಿಡುತ್ತಾರೆ.

1911ರಲ್ಲಿ ನ್ಯೂಯಾರ್ಕ್‌ನಲ್ಲಿ ಹಿಬ್ಸ್ ಮತ್ತು ಆಲ್ಬಿ ಎಂಬ ಇಬ್ಬರು ಸರ್ಜನ್‌ಗಳು ಬೇರೆ ಬೇರೆಯಾಗಿ ಈ ಫ್ಯೂಷನ್ ಮಾಡಿದಾಗ ಒಂದು ಸ್ಕ್ರೂ ಕೂಡ ಹಾಕಿರಲಿಲ್ಲ. ಬರೀ ಮೂಳೆ. ಆಲ್ಬಿ ಕಾಲಿನ ಮೂಳೆಯ ತುಂಡು ತೆಗೆದು, ಕ್ಷಯ ತಗುಲಿದ ಬೆನ್ನಿಗೆ ಇಟ್ಟರು. ಆದರೆ ರೋಗಿ ವಾರಗಟ್ಟಲೆ ಅಲ್ಲಾಡದೆ ಮಲಗಬೇಕಿತ್ತು. ಈಗ ಮರುದಿನವೇ ಎಬ್ಬಿಸಿ ನಡೆಸುತ್ತಾರೆ ಅಂದರೆ ಅದು ಸ್ಕ್ರೂ ಕೊಟ್ಟ ಅನುಕೂಲ.

ಈಗ ಕೇಜು. ಎರಡು ಮೂಳೆಗಳ ನಡುವೆ, ಡಿಸ್ಕ್ ಇದ್ದ ಜಾಗದಲ್ಲಿ ಕೂರಿಸುವ ಸಣ್ಣ ಗೂಡು. ನಿಮ್ಮ ಅಮ್ಮನಿಗೆ ಹಿಂದಿನಿಂದ ಹಾಕೋದಾದರೆ ಅದು ದಪ್ಪ ಗೋಡಂಬಿಯಷ್ಟು ಇರುತ್ತೆ. ಕೆಲವು ಆಕಾರದಲ್ಲೂ ಗೋಡಂಬಿಯೇ. ಮೇಲೆ ಕೆಳಗೆ ಸಣ್ಣ ಹಲ್ಲು, ಹಿಂದಕ್ಕೆ ಜಾರದಿರಲಿ ಅಂತ. ನಡುವೆ ಕಿಟಕಿ, ಮೂಳೆಯ ಚೂರು ತುಂಬೋಕೆ. ಮುಂದಿನ ಕಡೆ ತುಸು ಎತ್ತರ, ಯಾಕೆಂದರೆ ಸೊಂಟಕ್ಕೆ ಸಹಜವಾಗಿಯೇ ಒಂದು ಒಳಬಾಗು ಇದೆ. ಅದನ್ನು ನೆಟ್ಟಗೆ ಮಾಡಿಬಿಟ್ಟರೆ ಮನುಷ್ಯ ಮುಂದಕ್ಕೆ ಬಗ್ಗಿದಂತೆಯೇ ನಡೆಯುತ್ತಾನೆ.

ಪೀಕ್ ಅಂದರೆ ಗಟ್ಟಿ ಪ್ಲಾಸ್ಟಿಕ್. ಬಿರುಸು, ಅಂದರೆ ಭಾರಕ್ಕೆ ಬಗ್ಗದಿರುವ ಗುಣ, ಅಳೆಯೋದು ಗಿಗಾಪ್ಯಾಸ್ಕಲ್‌ನಲ್ಲಿ. ಮೂಳೆಯ ಹೊರಪದರದ್ದು 20 ಆಸುಪಾಸು ಇದ್ದರೆ ಪೀಕ್‌ನದು 3-4, ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110. ಪಕ್ಕದಲ್ಲಿ ತೀರಾ ಬಿರುಸಾದದ್ದು ಇದ್ದರೆ ಭಾರವೆಲ್ಲ ಅದೇ ಹೊರುತ್ತೆ, ಮೂಳೆಗೆ ಕೆಲಸ ಇರಲ್ಲ. ಕೆಲಸ ಇಲ್ಲದ ಮೂಳೆ ಸೊರಗುತ್ತೆ. ಆ ಲೆಕ್ಕದಲ್ಲಿ ಪೀಕ್ ಒಳ್ಳೆಯದು. ಎಕ್ಸ್‌ರೇಯಲ್ಲಿ ಅದು ಕಾಣಲ್ಲ, ಹಾಗಾಗಿ ಒಳಗೆ ಮೂಳೆ ಬೆಳೆದಿದೆಯಾ ಅಂತ ಚೆನ್ನಾಗಿ ನೋಡಬಹುದು. ಕೇಜು ಎಲ್ಲಿದೆ ಅಂತ ಗೊತ್ತಾಗಲು ಟ್ಯಾಂಟಲಂ ಎಂಬ ಲೋಹದ ಸಣ್ಣ ಚುಕ್ಕೆಗಳನ್ನು ಕೂರಿಸುತ್ತೇವೆ. ಆದರೆ ಮೂಳೆ ಪೀಕ್‌ಗೆ ಅಂಟಲ್ಲ. ನಡುವೆ ತೆಳು ನಾರಿನ ಪದರ ಬಂದುಬಿಡುತ್ತೆ.

ಟೈಟಾನಿಯಂಗೆ ಅಂಟುತ್ತೆ. ಸ್ವೀಡನ್‌ನ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂನ ಸಣ್ಣ ಉಪಕರಣ ಇಟ್ಟಿದ್ದರು. ತೆಗೆಯೋಕೆ ಹೋದರೆ ಬರಲೇ ಇಲ್ಲ, ಮೂಳೆ ಅಷ್ಟು ಹಿಡಿದುಕೊಂಡಿತ್ತು. ಹಲ್ಲಿನ ಇಂಪ್ಲಾಂಟ್ ಹುಟ್ಟಿದ್ದೇ ಅಲ್ಲಿಂದ. ಇನ್ನು ಬಿರುಸು ಕಡಿಮೆ ಮಾಡೋದು ಹೇಗೆ? ತೂತು ಮಾಡಬೇಕು. ಒಂದು ಮಂಡಕ್ಕಿ ಕಾಳು ಮುರಿದು ನೋಡಿ, ಒಳಗೆಲ್ಲ ಗೂಡು. ತ್ರೀಡಿ ಪ್ರಿಂಟಿಂಗ್‌ನಲ್ಲಿ ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಅಂಥದ್ದೇ ಗೂಡು ಕಟ್ಟುತ್ತೇವೆ. ಒಂದೇ ವ್ಯತ್ಯಾಸ, ನಮ್ಮ ಗೂಡುಗಳು ಒಂದಕ್ಕೊಂದು ತೆರೆದಿರಲೇಬೇಕು. ಸುಮಾರು ಅರ್ಧ ಮಿಲಿಮೀಟರ್ ಅಗಲ ಇದ್ದರೆ ರಕ್ತನಾಳ, ಮೂಳೆ ಎರಡೂ ಒಳಗೆ ನುಗ್ಗುತ್ತವೆ.

ಹಾಗಂತ ತ್ರೀಡಿ ಅಂದಕೂಡಲೆ ಮೇಲು ಅನ್ನಬೇಡಿ. ಅಂಥ ಕೇಜು ಮಾಡುವ ನಾನೇ ಹೇಳುತ್ತಿದ್ದೇನೆ. ಮಳೆ ಬಂದ ನೆಲದಲ್ಲಿ ಬೈಕಿಗೆ ಸೈಡ್ ಸ್ಟ್ಯಾಂಡ್ ಹಾಕಿದರೆ ಹೂತುಹೋಗುತ್ತೆ. ನಾವೇನು ಮಾಡುತ್ತೇವೆ? ಕೆಳಗೆ ಒಂದು ಚಪ್ಪಟೆ ಕಲ್ಲು ಇಡುತ್ತೇವೆ. ಸ್ಟ್ಯಾಂಡ್ ಯಾವ ಲೋಹದ್ದು ಅಂತ ಯಾರೂ ಕೇಳಲ್ಲ. ಕೇಜೂ ಹಾಗೇ ಮೆದು ಮೂಳೆಯೊಳಗೆ ಹೂತುಹೋಗಬಹುದು. ಅಗಲವಾಗಿದ್ದು, ಮೂಳೆಯ ಗಟ್ಟಿ ಅಂಚಿನ ಹತ್ತಿರ ಕೂತರೆ ಹೂಳೋದು ಕಡಿಮೆ. ಅದಕ್ಕೆ ಸರ್ಜನ್ ಹತ್ತಿರ ಯಾವ ಕೇಜು ಅಂತ ಕೇಳೋ ಮೊದಲು ಇದನ್ನು ಕೇಳಿ: ಅಮ್ಮನ ಮೂಳೆ ಎಷ್ಟು ಗಟ್ಟಿ ಇದೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಟೆಸ್ಟ್ ಮಾಡಿಸಬೇಕಾ?

ಹರಿಹರದ ಗಾರೆ ಮೇಸ್ತ್ರಿ: ಸೆಂಟ್ರಿಂಗ್ ಮಾತು ಕರೆಕ್ಟ್ ಸಾರ್. ಆದರೆ ನಮ್ಮ ಮಾವನಿಗೆ ಎರಡು ವರ್ಷದ ಹಿಂದೆ ಒಂದು ಆಸ್ಪತ್ರೆಯಲ್ಲಿ ಹಾಕಿದ ಸ್ಕ್ರೂ ಒಳಗೇ ಮುರಿದಿದೆ. ಡೂಪ್ಲಿಕೇಟ್ ಮಾಲು ಹಾಕಿದ್ದಾರೆ ಅಂತ ಮನೆಯವರೆಲ್ಲ ಬಯ್ಯುತ್ತಿದ್ದಾರೆ. ಏನಂತೀರಿ?

ಇಂಜಿನಿಯರ್: ಬೈಂಡಿಂಗ್ ವೈರನ್ನು ಕೈಯಲ್ಲಿ ಎಳೆದು ಹರಿಯೋಕೆ ಆಗಲ್ಲ. ಅದನ್ನೇ ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸಿ, ಹತ್ತು ಸಲಕ್ಕೆ ತುಂಡು. ಮೇಸ್ತ್ರಿಗೆ ನಾನು ಹೇಳಿಕೊಡಬೇಕಾ!

ಸ್ಕ್ರೂ ಮುರಿಯೋದು ಸಾಮಾನ್ಯವಾಗಿ ಹಾಗೇ. ಮೂಳೆ ಅಂಟಿಕೊಂಡಿಲ್ಲ ಅಂದರೆ ಪ್ರತಿ ಹೆಜ್ಜೆಗೂ ಕೂದಲೆಳೆಯಷ್ಟು ಬಗ್ಗುತ್ತಲೇ ಇರುತ್ತೆ. ಮಾರುಕಟ್ಟೆಗೆ ಬಿಡುವ ಮೊದಲು ನಾವೂ ಅದನ್ನೇ ಮಾಡಿ ನೋಡುತ್ತೇವೆ. ಎರಡು ಪ್ಲಾಸ್ಟಿಕ್ ದಿಮ್ಮಿಗೆ ಸ್ಕ್ರೂ, ರಾಡು ಹಾಕಿ, ನಡುವೆ ಮೂಳೆಯ ಆಸರೆ ಇಲ್ಲದಂತೆ ಖಾಲಿ ಬಿಟ್ಟು, ಮೆಷಿನ್‌ನಲ್ಲಿ 50 ಲಕ್ಷ ಸಲ ಒತ್ತುತ್ತೇವೆ. ಹಗಲು ರಾತ್ರಿ ಟಕ್ ಟಕ್ ಅಂತಿರುತ್ತೆ. ಅಷ್ಟಾದರೂ ಯಾವ ಲೋಹವೂ ಶಾಶ್ವತ ಅಲ್ಲ. ಒಂದು ಕಡೆ ಮೂಳೆ ಬೆಳೀತಾ ಇರುತ್ತೆ, ಇನ್ನೊಂದು ಕಡೆ ಲೋಹ ದಣೀತಾ ಇರುತ್ತೆ. ಮೂಳೆ ಮೊದಲು ಮುಟ್ಟಬೇಕು.

ಸ್ಕ್ರೂನಲ್ಲಿ ಎರಡು ಅಳತೆ ನೋಡಿ. ಹೊರಗಿನ ದಪ್ಪ, ಅಂದರೆ ಎಳೆಯ ತುದಿಯಿಂದ ತುದಿಗೆ, ಜಾಸ್ತಿ ಇದ್ದರೆ ಕಿತ್ತು ಬರಲ್ಲ. ಒಳಗಿನ ತಿರುಳು ದಪ್ಪ ಇದ್ದರೆ ಮುರಿಯಲ್ಲ. ತಿರುಳನ್ನು 4 ಮಿಲಿಮೀಟರ್‌ನಿಂದ 5ಕ್ಕೆ ಏರಿಸಿದರೆ ಬಗ್ಗುವುದನ್ನು ತಡೆಯುವ ಬಲ ಹೆಚ್ಚುಕಡಿಮೆ ಎರಡರಷ್ಟಾಗುತ್ತೆ. ಆದರೆ ತಿರುಳು ದಪ್ಪ ಮಾಡುತ್ತಾ ಹೋದರೆ ಎಳೆಯ ಆಳ ಕಡಿಮೆಯಾಗಿ ಹಿಡಿತ ಹೋಗುತ್ತೆ. ಹೊರಗೆ ದಪ್ಪ ಮಾಡೋಣ ಅಂದರೆ ಸ್ಕ್ರೂ ಹೋಗುವ ಮೂಳೆಯ ಕಾಲುವೆಯೇ ಕಿರಿದು, ಪಕ್ಕದಲ್ಲೇ ನರ. ನಮ್ಮ ಕೆಲಸದ ಅರ್ಧ ಜಗಳ ಈ ಒಂದು ಮಿಲಿಮೀಟರಿನದ್ದು.

ಮಾವ ಬೀಡಿ ಸೇದುತ್ತಾರಾ?

ಹರಿಹರದ ಗಾರೆ ಮೇಸ್ತ್ರಿ: ದಿನಕ್ಕೆ ಒಂದು ಕಟ್ಟು.

ಇಂಜಿನಿಯರ್: ಮನೆಯವರು ಬಯ್ಯೋ ಪಟ್ಟಿಗೆ ಅದನ್ನೂ ಸೇರಿಸಿ. ಹೊಗೆ ಸೇದುವವರಲ್ಲಿ ಮೂಳೆ ಅಂಟೋದು ಕಡಿಮೆ, ಇದು ಚೆನ್ನಾಗಿ ಗೊತ್ತಿರುವ ವಿಷಯ. ಮಾಲಿನ ಬಗ್ಗೆ ಅನುಮಾನ ಇದ್ದರೆ ಕೇಸ್ ಶೀಟ್ ತೆಗೆಸಿ. ಪ್ರತಿ ಇಂಪ್ಲಾಂಟ್ ಜೊತೆ ಕಂಪನಿ ಹೆಸರು, ಲಾಟ್ ನಂಬರ್ ಇರುವ ಸ್ಟಿಕ್ಕರ್ ಬರುತ್ತೆ, ಆಸ್ಪತ್ರೆಯವರು ಅದನ್ನು ಅಂಟಿಸಿ ಇಟ್ಟಿರಬೇಕು. ಜಗಳೂರಿನ ತಂಗಿ, ನೀವೂ ಮೊದಲೇ ಕೇಳಿಟ್ಟುಕೊಳ್ಳಿ.

ಎಂಸಿಸಿ ಬ್ಲಾಕಿನ ಮೇಷ್ಟ್ರು: ಈ ಕೇಜನ್ನು ಮೊದಲು ಕುದುರೆಗೆ ಮಾಡಿದ್ದು ಅಂತ ಎಲ್ಲೋ ಓದಿದ್ದೆ. ನಿಜವೇನಪ್ಪಾ?

ಇಂಜಿನಿಯರ್: ನಿಜ ಸಾರ್. ಕುದುರೆಗಳಿಗೆ ಕುತ್ತಿಗೆಯಲ್ಲಿ ನರ ಒತ್ತಿ ಕಾಲು ತೊಡರುವ ಕಾಯಿಲೆ ಬರುತ್ತೆ. ಅಮೆರಿಕದ ಜಾರ್ಜ್ ಬ್ಯಾಗ್ಬಿ ಎಂಬ ಸರ್ಜನ್ 1970ರ ದಶಕದಲ್ಲಿ ಅದಕ್ಕೆ ತೂತು ತೂತಾದ ಉಕ್ಕಿನ ಬುಟ್ಟಿ ಮಾಡಿದರು. ಒಳಗೆ ಕುದುರೆಯದ್ದೇ ಮೂಳೆಯ ಚೂರು. ಅದರಿಂದ ಬೆಳೆದ ಮನುಷ್ಯರ ಕೇಜಿಗೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತು.

ಇನ್ನೊಬ್ಬ ಸದಸ್ಯ: ಸ್ಟೇಷನ್ ಬಾಗಿಲಿನ ಮೆಟಲ್ ಡಿಟೆಕ್ಟರ್ ಬೀಪ್ ಅನ್ನುತ್ತಾ? ಎಂಆರ್‌ಐ ಮಾಡಿಸಬಹುದಾ?

ಇಂಜಿನಿಯರ್: ಬೀಪ್ ಅಂದರೂ ಅನ್ನಬಹುದು, ಡಿಸ್ಚಾರ್ಜ್ ಕಾರ್ಡಿನ ಫೋಟೋ ಮೊಬೈಲಲ್ಲಿ ಇರಲಿ. ಟೈಟಾನಿಯಂ ಅಯಸ್ಕಾಂತಕ್ಕೆ ಅಂಟಲ್ಲ, ಹಾಗಾಗಿ ಎಂಆರ್‌ಐ ಸಾಮಾನ್ಯವಾಗಿ ಮಾಡುತ್ತಾರೆ. ಮೊದಲೇ ಹೇಳಬೇಕು. ಸ್ಕ್ರೂ ಸುತ್ತಮುತ್ತ ಚಿತ್ರ ಸ್ವಲ್ಪ ಕೆಡುತ್ತೆ.

ಜಗಳೂರಿನ ಸದಸ್ಯೆ: ಅಣ್ಣಾ, ನೀವು ಹೇಳಿದ ಮೇಲೆ ಗುರುವಾರ ಡೆಕ್ಸಾ ಆಯ್ತು. ಟಿ ಸ್ಕೋರ್ ಮೈನಸ್ 2.7.

ಇಂಜಿನಿಯರ್: ಮೈನಸ್ 2.5ಕ್ಕಿಂತ ಕೆಳಗೆ ಹೋದರೆ ಮೂಳೆ ಟೊಳ್ಳು ಅಂತ ಲೆಕ್ಕ. ಈಗ ಕೇಜಿನ ಚರ್ಚೆ ಪಕ್ಕಕ್ಕಿಡಿ. ಇಂಥ ಮೂಳೆಗೆ ಪಕ್ಕದಲ್ಲಿ ಸಣ್ಣ ತೂತುಗಳಿರುವ ಸ್ಕ್ರೂ ಇದೆ. ಒಳಗೆ ಕೂರಿಸಿದ ಮೇಲೆ ಅದರ ಮೂಲಕ ಬೋನ್ ಸಿಮೆಂಟ್ ತಳ್ಳುತ್ತಾರೆ, ತುದಿಯಲ್ಲಿ ಗಡ್ಡೆ ಕಟ್ಟಿ ಹಿಡಿದುಕೊಳ್ಳುತ್ತೆ. ಮೊದಲು ಮೂಳೆ ಗಟ್ಟಿಯಾಗುವ ಔಷಧಿ ಕೊಟ್ಟು, ಆಮೇಲೆ ಆಪರೇಷನ್ ಮಾಡುವವರೂ ಇದ್ದಾರೆ. ಯಾವುದು ಅಂತ ಸರ್ಜನ್ ಹೇಳಲಿ. ನೀವು ರಿಪೋರ್ಟ್ ಹಿಡಿದು ಈ ಎರಡನ್ನೂ ಕೇಳಿ.

ಜಗಳೂರಿನ ಸದಸ್ಯೆ: ಕೇಳುತ್ತೇನೆ. ಅಮ್ಮನದು ಒಂದೇ ಪ್ರಶ್ನೆ, ಆಪರೇಷನ್ ಆದ ಮೇಲೆ ಕೂತು ರೊಟ್ಟಿ ಬಡಿಯಬಹುದಾ?

ಇಂಜಿನಿಯರ್: ಯಾವಾಗಿನಿಂದ ಅಂತ ಡಾಕ್ಟರ್ ಹೇಳುತ್ತಾರೆ. ಆದರೆ ನಮ್ಮ ಮೆಷಿನ್ 50 ಲಕ್ಷ ಸಲ ಒತ್ತೋದು ಅದೇ ಭಂಗಿಯಲ್ಲಿ, ಮುಂದಕ್ಕೆ ಬಗ್ಗಿಸಿ. ಮೊದಲ ವರ್ಷ ನೆಲ ಬೇಡ, ಕಟ್ಟೆಯ ಮೇಲೆ ನಿಂತು ಬಡಿಯಲಿ.

ಜಗಳೂರಿನ ಸದಸ್ಯೆ: ನಿಂತು ಬಡಿದರೆ ರೊಟ್ಟಿ ತೆಳ್ಳಗಾಗಲ್ಲ ಅಂತಾರೆ ಅಣ್ಣಾ. ಈಗಲೇ ಜಗಳ ಶುರುವಾಗಿದೆ.