ಐ5-3470ಗೆ ಯಾವ ಮದರ್‌ಬೋರ್ಡ್ ಹೊಂದುತ್ತದೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮನೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಹೋಗಿದೆ. ರಿಪೇರಿಯವರು ಬೇರೆ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬಿ) ಹಾಕಿ ನೋಡಿ, ಬೋರ್ಡೇ ಸತ್ತಿದೆ ಅಂದರು. ಪ್ರೊಸೆಸರ್ ಇಂಟೆಲ್ ಐ5-3470. 4 ಜಿಬಿಯ ಎರಡು ಡಿಡಿಆರ್3 ರ್‍ಯಾಮ್, ಒಂದು ಎಸ್‌ಎಸ್‌ಡಿ ಚೆನ್ನಾಗಿವೆ. ಗ್ರಾಫಿಕ್ಸ್ ಕಾರ್ಡ್ ಇಲ್ಲ. ತಂಗಿ ಇದರಲ್ಲೇ ಟ್ಯಾಲಿ ಕಲಿಯುತ್ತಿದ್ದಾಳೆ, ಹಾಗಾಗಿ ಬೇಗ ಸರಿ ಮಾಡಬೇಕು. ಗೆಳೆಯನ ಹತ್ತಿರ ಎಚ್81 ಬೋರ್ಡ್ ಸುಮ್ನೆ ಬಿದ್ದಿದೆ, ಅದೂ ಡಿಡಿಆರ್3 ಅಲ್ವಾ, ಹಾಕಬಹುದಾ? ಇಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ಸೆಕೆಂಡ್ ಹ್ಯಾಂಡ್ ತರಬೇಕು. ಅಂಗಡಿಯಲ್ಲಿ ಏನಂತ ಕೇಳಲಿ?

ಉತ್ತರ 1:
ಎಚ್81 ಆಗಲ್ಲ. ಅದು 1150 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ), 2013ರಲ್ಲಿ ಬಂದ ನಾಲ್ಕನೇ ಜನರೇಷನ್‌ದು. ನಿಮ್ಮದು 2012ರ ಮೂರನೇ ಜನರೇಷನ್, 1155 ಸಾಕೆಟ್. ರ್‍ಯಾಮ್ ಒಂದೇ ಆದ ಮಾತ್ರಕ್ಕೆ ಬೋರ್ಡ್ ಹೊಂದಲ್ಲ. ಪ್ರೊಸೆಸರ್ ಅಂಚಿನ ಕಚ್ಚು ಬೇರೆ ಜಾಗದಲ್ಲಿದೆ, ಒತ್ತಿ ಕೂರಿಸಲು ಹೋದರೆ ಗೆಳೆಯನ ಬೋರ್ಡಿನ ಪಿನ್ ಬಗ್ಗುತ್ತವೆ. ಹಳೇ ಕೂಲರ್ ಮಾತ್ರ ಎಸೆಯಬೇಡಿ, 1155 ಬೋರ್ಡ್ ಯಾವುದು ತಂದರೂ ಅದೇ ಕೂರುತ್ತದೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಅಂಗಡಿಯಲ್ಲಿ '1155 ಕೊಡಿ' ಅಂದರೆ ಸಾಲದು. ಜನ ಎಡವುವುದೇ ಇಲ್ಲಿ. ಈ ಸಾಕೆಟ್ ಶುರುವಾಗಿದ್ದು 2011ರಲ್ಲಿ, ಎರಡನೇ ಜನರೇಷನ್ ಜೊತೆ. ಆಗಿನ ಎಚ್61, ಎಚ್67, ಝಡ್68 ಬೋರ್ಡ್‌ಗಳಲ್ಲಿ ಹಳೇ ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಇದ್ದರೆ ನಿಮ್ಮ ಪ್ರೊಸೆಸರ್ ಅದಕ್ಕೆ ಗೊತ್ತೇ ಆಗಲ್ಲ. ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರಲ್ಲ. ಬಯಾಸ್ ಅಪ್‌ಡೇಟ್ ಮಾಡೋಣ ಅಂದರೆ ಅದಕ್ಕೂ ಸಾಮಾನ್ಯವಾಗಿ ಎರಡನೇ ಜನರೇಷನ್ ಪ್ರೊಸೆಸರ್ ಒಂದು ಬೇಕು. ಬೋರ್ಡ್ ಮೇಲೆ ಮಾಡೆಲ್ ಹೆಸರು ಅಚ್ಚಾಗಿರುತ್ತದೆ, ಅದನ್ನು ಕಂಪನಿಯ ಸೈಟಿನಲ್ಲಿ ಹಾಕಿ ಸಿಪಿಯು ಸಪೋರ್ಟ್ ಪಟ್ಟಿ ತೆಗೆದರೆ 3470 ಯಾವ ಬಯಾಸ್ ವರ್ಷನ್‌ನಿಂದ ನಡೆಯುತ್ತದೆ ಅಂತ ಬರೆದಿರುತ್ತದೆ. ನೋಡದೆ ದುಡ್ಡು ಕೊಡಬೇಡಿ.

ಪಿ67 ಮುಟ್ಟಬೇಡಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಅದರಲ್ಲಿ ಕೆಲಸ ಮಾಡಲ್ಲ, ನಿಮ್ಮ ಹತ್ತಿರ ಕಾರ್ಡೂ ಇಲ್ಲ. ಆಫೀಸ್ ಕಂಪ್ಯೂಟರ್‌ಗಳಿಂದ ಬಿಚ್ಚಿದ ಕ್ಯೂ65, ಕ್ಯೂ67, ಬಿ65 ಕೂಡ ಬೇಡ, ಅವಕ್ಕೆ ಮೂರನೇ ಜನರೇಷನ್ ಸಪೋರ್ಟ್ ಅಧಿಕೃತವಾಗಿ ಇಲ್ಲ.

ನನ್ನ ಮಟ್ಟಿಗೆ ಬಿ75 ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಅದು ಮೂರನೇ ಜನರೇಷನ್ ಕಾಲಕ್ಕೇ ಬಂದದ್ದು, ಬಯಾಸ್ ತಲೆನೋವಿಲ್ಲ. ಯುಎಸ್‌ಬಿ 3.0 ಇದೆ, 6 ಜಿಬಿಪಿಎಸ್‌ನ ಒಂದು ಸಾಟಾ ಪೋರ್ಟ್ (ಡಿಸ್ಕ್ ಜೋಡಿಸುವ ಜಾಗ) ಇದೆ, ಎಸ್‌ಎಸ್‌ಡಿ ಅದಕ್ಕೇ ಹಾಕಿ.

ಉತ್ತರ 3:
ಬಿ75 ಒಳ್ಳೆಯದೇ, ಆದರೆ ಅದನ್ನೇ ಹುಡುಕಿಕೊಂಡು ಕೂರಬೇಡಿ. ಜಾಸ್ತಿ ಸಿಗುವುದು ಎಚ್61. ಅದರ ಸಾಟಾ 3 ಜಿಬಿಪಿಎಸ್ ಅಷ್ಟೇ, ಆದರೂ ಟ್ಯಾಲಿ, ಬ್ರೌಸರ್ ಕೆಲಸಕ್ಕೆ ಎಸ್‌ಎಸ್‌ಡಿಯ ವೇಗ ಚೆನ್ನಾಗೇ ಗೊತ್ತಾಗುತ್ತದೆ.

ಯಾವುದನ್ನೇ ಕೊಳ್ಳಿ, ಪ್ರೊಸೆಸರ್, ರ್‍ಯಾಮ್ ಎರಡನ್ನೂ ಒಯ್ಯಿರಿ. ಮೊದಲು ಸಾಕೆಟ್ ತೆರೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಪಿನ್‌ಗಳೆಲ್ಲ ಒಂದೇ ಸಮ ಹೊಳೆಯಬೇಕು, ಒಂದು ಕಡೆ ಹೊಳಪು ತಪ್ಪಿದರೆ ಅಲ್ಲಿ ಬಗ್ಗಿದೆ ಅಂತ ಲೆಕ್ಕ. ಆಮೇಲೆ ಅಲ್ಲೇ ಜೋಡಿಸಿ ಆನ್ ಮಾಡಿಸಿ, ಬಯಾಸ್ ಪರದೆಯಲ್ಲಿ ಪ್ರೊಸೆಸರ್ ಹೆಸರು, ಎರಡೂ ಸ್ಲಾಟ್ ಸೇರಿ 8 ಜಿಬಿ ಕಾಣಬೇಕು. ಕಂಪನಿ ಪಿಸಿಯಿಂದ ಬಿಚ್ಚಿದ ಬೋರ್ಡಾದರೆ ಪವರ್ ಕನೆಕ್ಟರ್ 24 ಪಿನ್‌ದೇನಾ ನೋಡಿ, ಬೇರೆಯಾದರೆ ನಿಮ್ಮ ಎಸ್‌ಎಂಪಿಎಸ್ ನೇರವಾಗಿ ಹೊಂದಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್, ಎಚ್81 ಹಾಕಿಯೇ ಬಿಡುತ್ತಿದ್ದೆ. ಬಿ75 ಹಾಕಿದರೆ ವಿಂಡೋಸ್ 11 ಬರುತ್ತದಾ?

ಉತ್ತರ 2:
ಇಲ್ಲ, ಅದು ಬೋರ್ಡಿನ ವಿಷಯವಷ್ಟೇ ಅಲ್ಲ. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ಜನರೇಷನ್‌ನಿಂದ ಮೇಲೆ ಮಾತ್ರ ಮೈಕ್ರೋಸಾಫ್ಟ್ ಒಪ್ಪುತ್ತದೆ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದಕ್ಕೇ ಈ ಬೋರ್ಡಿಗೆ ಜಾಸ್ತಿ ಸುರಿಯಬೇಡಿ. ಅಂಗಡಿಯವರು ಹೇಳುವ ಬೆಲೆ ಸೆಕೆಂಡ್ ಹ್ಯಾಂಡ್ ಎಂಟನೇ ಜನರೇಷನ್ ಪಿಸಿಯ ಅರ್ಧಕ್ಕೆ ಬಂದರೆ ಬೋರ್ಡ್ ಬಿಡಿ, ಆ ಪಿಸಿಯನ್ನೇ ನೋಡಿ. ನಿಮ್ಮ ಎಸ್‌ಎಸ್‌ಡಿ ಅದಕ್ಕೂ ಆಗುತ್ತದೆ, ರ್‍ಯಾಮ್ ಆಗಲ್ಲ.