ಬಾವಿ, ತೋಡು, ಹೊಳೆ: ನೀರಿನ ಲ್ಯಾಬಿನ ಮೇಡಂ ಹತ್ರ ಕೇಳಿ

ಅಡ್ಮಿನ್: ಈ ವಾರದ ಪ್ರಶ್ನೋತ್ತರಕ್ಕೆ ಉಡುಪಿಯ ಮೇಡಂ ಒಬ್ಬರು ಒಪ್ಪಿದ್ದಾರೆ. ನೀರು ಪರೀಕ್ಷೆಯ ಲ್ಯಾಬಿನಲ್ಲಿ 20 ವರ್ಷ ಇದ್ದವರು. ಈಗ ಫ್ಲಾಟುಗಳ ಕೊಳೆ ನೀರು ಶುದ್ಧ ಮಾಡುವ ಘಟಕ, ಅಂದರೆ ಎಸ್‌ಟಿಪಿ ನೋಡಿಕೊಳ್ಳುತ್ತಾರೆ. ಬಾವಿ, ತೋಡು, ಹೊಳೆ, ಯಾವುದರ ಬಗ್ಗೆ ಬೇಕಾದರೂ ಕೇಳಿ. ರಾಜಕೀಯ ಬೇಡ. ಗುಡ್ ಮಾರ್ನಿಂಗ್ ಫೋಟೋ ಅಂತೂ ಬೇಡವೇ ಬೇಡ.

ಪ್ರಶ್ನೆ (ಉಡುಪಿ ಹತ್ತಿರದ ಒಂದು ಪಂಚಾಯತಿಯಿಂದ): ನಮಸ್ಕಾರ ಮೇಡಂ. ನಮ್ಮದು 5 ಸೆಂಟ್ಸ್ ಜಾಗ. 28 ಅಡಿಯ ಬಾವಿ ಉಂಟು. ಮನೆ ಹಿಂದೆ ಒಂದು ತೋಡು, ಸಣ್ಣ ಹಳ್ಳ. ಅದು ಕಪ್ಪಾಗಿ ಐದಾರು ವರ್ಷ ಆಯ್ತು. ಬೇಸಗೆಯಲ್ಲಿ ಬಾವಿ ನೀರಿಗೆ ಎಂತ ತೊಂದರೆಯೂ ಇಲ್ಲ. ಜೂನ್ ಕಳೆದ ಮೇಲೆ ಬೆಳಿಗ್ಗೆ ಮೊದಲ ಕೊಡಪಾನ ಎಳೆಯುವಾಗ ಒಂಥರಾ ವಾಸನೆ. ನೋಡಲಿಕ್ಕೆ ಮಾತ್ರ ನೀರು ಕನ್ನಡಿ ಹಾಗೆ. ತೋಡಿನ ನೀರು ಬಾವಿಗೆ ಇಳಿಯುತ್ತದೆ ಅಂತ ಮನೆಯವರು ಹೇಳ್ತಾರೆ. ಹೌದಾ?

ಉತ್ತರ: ತೋಡಿನದ್ದೂ ಇರಬಹುದು. ಆದರೆ ಇಂಥ ಪ್ರಶ್ನೆ ಬಂದಾಗ ನಾನು ಮೊದಲು ಕೇಳುವುದು ಬೇರೆ. ನಿಮ್ಮ ಟಾಯ್ಲೆಟ್ ಪಿಟ್ ಎಲ್ಲಿ? ಆಚೆಮನೆಯವರ ಪಿಟ್ ಎಲ್ಲಿ?

ನಮ್ಮದು ಮುರಕಲ್ಲಿನ ನೆಲ. ಒಂದು ಕಲ್ಲು ಒಡೆದು ನೋಡಿ, ಕಿರುಬೆರಳು ಹೋಗುವಂಥ ತೂತುಗಳು ಇರುತ್ತವೆ. ನೀರಿಗೆ ಅದು ಓಣಿ ಇದ್ದ ಹಾಗೆ. ಅದರ ಕೆಳಗೆ ಶೇಡಿಮಣ್ಣು, ಅಂದರೆ ಬಿಳಿ ಜೇಡಿಮಣ್ಣು. ಶೇಡಿಯಲ್ಲಿ ನೀರು ಸುಲಭಕ್ಕೆ ಇಳಿಯುವುದಿಲ್ಲ, ಹಾಗಾಗಿ ಅಡ್ಡಕ್ಕೆ ಹೋಗುತ್ತದೆ. ಅಡ್ಡಕ್ಕೆ ಹೋದರೆ ಸಿಗುವುದು ಯಾರದ್ದಾದರೂ ಬಾವಿ.

ಬೇಸಗೆಯಲ್ಲಿ ಪಿಟ್ಟಿನ ತಳಕ್ಕೂ ನೀರಿನ ಮಟ್ಟಕ್ಕೂ ಮಧ್ಯೆ ಹತ್ತು ಹದಿನೈದು ಅಡಿ ಒಣ ನೆಲ ಇರುತ್ತದೆ. ಕೊಳೆ ನೀರು ಅಲ್ಲಿ ನಿಧಾನಕ್ಕೆ ಸೋಸಿಕೊಂಡು ಇಳಿಯುತ್ತದೆ. ರೋಗಾಣುಗಳು ದಾರಿಯಲ್ಲೇ ಎಷ್ಟೋ ಸಾಯುತ್ತವೆ. ಮಳೆಗಾಲದ ಕತೆ ಬೇರೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಜುಲೈಯಲ್ಲಿ ಎಷ್ಟೋ ಬಾವಿಗಳಲ್ಲಿ ಬಗ್ಗಿ ಚೊಂಬು ಅದ್ದಬಹುದು. ಅಂದರೆ ಪಿಟ್ಟಿನ ತಳವೂ ಅದೇ ನೀರಿನಲ್ಲಿ ಮುಳುಗಿ ಕೂತಿದೆ. ಸೋಸಲು ಮಧ್ಯೆ ಒಣ ಮಣ್ಣೇ ಇಲ್ಲ.

ಇಂಗುಗುಂಡಿಗೂ (ಪಿಟ್ಟಿನ ಹಾಗೆ ಕೊಳೆ ನೀರು ನೆಲಕ್ಕೆ ಇಂಗಿಸುವ ಗುಂಡಿ) ಕುಡಿಯುವ ನೀರಿನ ಬಾವಿಗೂ ಕಡಿಮೆ ಎಂದರೆ 18 ಮೀಟರ್ ದೂರ ಬೇಕು ಅಂತ ನಮ್ಮ ದೇಶದ ಮಾನಕವೇ ಹೇಳುತ್ತದೆ. ಸುಮಾರು 60 ಅಡಿ. 5 ಸೆಂಟ್ಸ್ ಅಂದರೆ 2,180 ಚದರ ಅಡಿಯ ಹತ್ತಿರ. ಜಾಗ ಸರೀ ಚೌಕ ಇದ್ದರೂ ಒಂದು ಬದಿ 47 ಅಡಿ, ಮೂಲೆಯಿಂದ ಮೂಲೆಗೆ 66. ನಿಮ್ಮ ಪಿಟ್ಟಿಗೂ ಬಾವಿಗೂ ಹೇಗೋ 60 ಅಡಿ ಹೊಂದಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಇನ್ನು ವಾಸ್ತು. ಬಾವಿ ಈಶಾನ್ಯಕ್ಕೆ, ಪಿಟ್ ವಾಯವ್ಯಕ್ಕೆ, ಅಲ್ವಾ? ನಿಮ್ಮ ಪೂರ್ವದ ಮನೆಯವರೂ ವಾಸ್ತು ನೋಡಿಯೇ ಕಟ್ಟಿರುತ್ತಾರೆ. ಅವರ ವಾಯವ್ಯ ಮೂಲೆ ಅಂದರೆ ನಿಮ್ಮ ಈಶಾನ್ಯ ಮೂಲೆಗೆ ತಾಗಿದ ಜಾಗ! ನಡುವೆ ಒಂದು ಕಂಪೌಂಡ್ ಗೋಡೆ ಮಾತ್ರ. ಲೇಔಟುಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೆ ಅಂದರೆ, ಈಗ ಬಾವಿ ನೋಡುವ ಮೊದಲು ಪೂರ್ವದ ಗೋಡೆಯ ಆಚೆ ಇಣುಕುತ್ತೇನೆ.

ತೋಡಿನ ಬಗ್ಗೆಯೂ ಒಂದು ಮಾತು. ಮೊದಲು ಫೆಬ್ರವರಿಗೇ ಬತ್ತುತ್ತಿದ್ದ ತೋಡು ಈಗ ಏಪ್ರಿಲ್‌ನಲ್ಲೂ ಹರಿಯುತ್ತಿದ್ದರೆ ಖುಷಿ ಪಡಬೇಡಿ. ಅದು ಒರತೆ ನೀರಾಗಿರುವುದು ಅಪರೂಪ. ಬಚ್ಚಲು, ವಾಷಿಂಗ್ ಮೆಷಿನ್, ಹೋಟೆಲಿನ ಪಾತ್ರೆ ತೊಳೆದ ನೀರು.

ಈಗ ಮಾಡಬೇಕಾದ್ದು. ಪಂಚಾಯತಿನಲ್ಲಿ ನೀರು ಪರೀಕ್ಷೆಯ ಎಚ್2ಎಸ್ ಬಾಟಲಿ ಉಂಟಾ ಕೇಳಿ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಬಾಟಲಿ. ಕೈ ಸೋಪು ಹಾಕಿ ತೊಳೆದು, ಮುಚ್ಚಳದ ಒಳಗೆ ಬೆರಳು ತಾಗಿಸದೆ, ಗುರುತಿನವರೆಗೆ ಬಾವಿ ನೀರು ತುಂಬಿಸಿ ಮುಚ್ಚಿಡಿ. ಮಳೆಗಾಲದ ಚಳಿಯಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಫ್ರಿಜ್ಜಿನ ಹಿಂದೆಯೋ ಒಲೆಯಿಂದ ಸ್ವಲ್ಪ ದೂರವೋ ಬೆಚ್ಚಗಿನ ಜಾಗದಲ್ಲಿ ಇಡಿ. 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ನೀರಿಗೆ ಮಲದ ಸಂಪರ್ಕ ಆಗಿರುವ ಸಂಭವ ಜಾಸ್ತಿ. ಆಮೇಲೆ ಲ್ಯಾಬಿನಲ್ಲಿ ಇ. ಕೋಲಿ ಎಂಬ ಮಲದ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಅದು ಒಂದೂ ಇರಬಾರದು. ಫಲಿತಾಂಶ ಬರುವವರೆಗೆ ಕುದಿಸಿ ಕುಡಿಯಿರಿ. ಚೆನ್ನಾಗಿ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು.

ಅದೇ ಸದಸ್ಯರು: ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಬಹುದಾ? ನಮ್ಮ ಮಾವ ಪ್ರತಿ ವರ್ಷ ಒಂದು ಸೇರು ಸುರಿಯುತ್ತಿದ್ದರು.

ಉತ್ತರ: ಮಾವನ ಉದ್ದೇಶ ಸರಿ, ಅಳತೆ ತಪ್ಪು. 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಬಾವಿಯ ಅಗಲ 2.4 ಮೀಟರ್, ಅಂದರೆ 8 ಅಡಿ, ನೀರು 4 ಮೀಟರ್ ನಿಂತಿದೆ ಅಂದುಕೊಳ್ಳಿ. 2.4 ಗುಣಿಸು 2.4 ಗುಣಿಸು 4 ಗುಣಿಸು 0.785. ಸುಮಾರು 18 ಘನ ಮೀಟರ್, 18,000 ಲೀಟರ್. ಅಂದರೆ 45 ಗ್ರಾಂ ಪೌಡರ್. ಪರೀಕ್ಷೆ ಕೆಟ್ಟು ಬಂದಿದ್ದರೆ ಮೊದಲ ಸಲ ಅದರ ಎರಡು ಪಟ್ಟು ಹಾಕಿ. ಒಣ ಪೌಡರ್ ಸೀದಾ ಸುರಿಯಬೇಡಿ. ಬಕೆಟ್ಟಿನಲ್ಲಿ ಮೊದಲು ದೋಸೆ ಹಿಟ್ಟಿನ ಹಾಗೆ ಕಲಸಿ, ಮತ್ತೆ ನೀರು ಸೇರಿಸಿ, ಸುಣ್ಣ ತಳಕ್ಕೆ ಕೂರುವವರೆಗೆ ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ, ಕೊಡಪಾನವನ್ನು ಮೇಲೆ ಕೆಳಗೆ ಆಡಿಸಿ ಕಲಕಿ. ರಾತ್ರಿ ಹಾಕಿದರೆ ಬೆಳಿಗ್ಗೆ ಎಳೆಯಬಹುದು. ಮತ್ತೆ, ಕಳೆದ ವರ್ಷ ತೆರೆದಿಟ್ಟ ಪ್ಯಾಕೆಟ್ ಬೇಡ. ಕ್ಲೋರಿನ್ ಎಲ್ಲಾ ಹಾರಿಹೋಗಿ ಬರೀ ಸುಣ್ಣ ಉಳಿದಿರುತ್ತದೆ.

ಇನ್ನೊಬ್ಬರು: ಇಷ್ಟೆಲ್ಲಾ ಯಾಕೆ ಮಾರಾಯ್ರೆ, ಒಂದು ಆರ್‌ಒ ಹಾಕಿದರೆ ಮುಗೀತಲ್ಲ?

ಉತ್ತರ: ಬೇಸಗೆಯಲ್ಲಿ ಉಪ್ಪು ಬರುವ ಹಿನ್ನೀರಿನ ಬದಿಯ ಮನೆಗಳಿಗೆ ಆರ್‌ಒ ಬೇಕಾಗಬಹುದು. ಉಳಿದ ಕಡೆ ನಮ್ಮ ನೀರಿನಲ್ಲಿ ಲವಣ ಮೊದಲೇ ಕಡಿಮೆ. ರೋಗಾಣು ಮಾತ್ರ ತೊಂದರೆ ಆದರೆ ಕುದಿಸಿದರೂ ಆಗುತ್ತದೆ. ಹೇಗೂ ಆರ್‌ಒ ಹಾಕುವುದು ಅಡುಗೆಮನೆಯಲ್ಲಿ. ಹಲ್ಲುಜ್ಜುವುದು, ಮಗುವಿನ ಬಾಟಲಿ ತೊಳೆಯುವುದು ಬೇರೆ ನಳ್ಳಿಯಲ್ಲಿ.

ಪ್ರಶ್ನೆ (ಕಾರ್ಕಳ ಕಡೆ): ಮೊದಲ ಜೋರು ಮಳೆಯ ಮರುದಿನ ನಮ್ಮ ಹೊಳೆಯ ಗುಂಡಿಯಲ್ಲಿ ರಾಶಿ ಮೀನು ಸತ್ತು ತೇಲಿದವು. ಯಾರೋ ವಿಷ ಹಾಕಿದ್ದಾರೆ ಅಂತ ಊರಲ್ಲಿ ಗಲಾಟೆ. ಜ್ಯೂಸ್ ಬಾಟಲಿಯಲ್ಲಿ ನೀರು ತುಂಬಿಸಿ ಮೂರು ದಿನದಿಂದ ಇಟ್ಟಿದ್ದೇನೆ. ಎಲ್ಲಿ ಕೊಡುವುದು?

ಉತ್ತರ: ಬೇಜಾರು ಮಾಡಬೇಡಿ, ಆ ಬಾಟಲಿಯಿಂದ ಈಗ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಮೀನು ಸತ್ತಾಗ ಮೊದಲು ನೋಡಬೇಕಾದ್ದು ನೀರಿನಲ್ಲಿ ಕರಗಿದ ಆಮ್ಲಜನಕ. ಅದನ್ನು ಹೊಳೆ ಬದಿಯಲ್ಲೇ ಅಳೆಯಬೇಕು. ಇಲ್ಲದಿದ್ದರೆ ಗುಳ್ಳೆ ಬರದ ಹಾಗೆ ಬಾಟಲಿ ತುಂಬಿಸಿ ಅಲ್ಲೇ ರಾಸಾಯನಿಕ ಹಾಕಿ ಹಿಡಿದಿಡಬೇಕು. ಅರ್ಧ ಗಾಳಿ ಇರುವ ಬಾಟಲಿಯಲ್ಲಿ ಮೂರು ದಿನ ಇಟ್ಟರೆ ನೀರಿನ ಲೆಕ್ಕವೇ ಬದಲಾಗುತ್ತದೆ.

ನಮ್ಮ ಸೆಕೆಗೆ ಒಳ್ಳೆಯ ಹೊಳೆ ನೀರಿನಲ್ಲೂ ಲೀಟರಿಗೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ನಿಂತರೆ ಹೆಚ್ಚು. ಮೀನು ಚೆನ್ನಾಗಿ ಬದುಕಲು ನಾಲ್ಕಾದರೂ ಬೇಕು. ಬೇಸಗೆ ಪೂರ್ತಿ ಚರಂಡಿಯಲ್ಲಿ ಕೂತ ಕಪ್ಪು ಕೆಸರನ್ನು ಮೊದಲ ಮಳೆ ಎಬ್ಬಿಸಿ ತರುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಇದ್ದ ಆಮ್ಲಜನಕವನ್ನೆಲ್ಲ ತಿಂದು ಮುಗಿಸುತ್ತವೆ. ಬೆಳಗಿನ ಜಾವ ಮೀನುಗಳು ಬಾಯಿ ಮೇಲೆ ಮಾಡಿ ಒದ್ದಾಡುತ್ತಿದ್ದವಾ? ದೊಡ್ಡ ಮೀನು ಮೊದಲು ಸತ್ತವಾ? ಹಾಗಾದರೆ ಉಸಿರು ಕಟ್ಟಿದ್ದು ಅಂತ ನನ್ನ ಅಂದಾಜು.

ದೊಡ್ಡದು ಸಣ್ಣದು ಎಲ್ಲಾ ಒಟ್ಟಿಗೆ, ಹಾಡುಹಗಲು ಸತ್ತಿದ್ದರೆ ಬೇರೆ ಸಂಶಯ ಬರುತ್ತದೆ. ಒಂದು ಕೇಳ್ತೇನೆ, ತಪ್ಪು ತಿಳಿಯಬೇಡಿ. ಆ ವಾರ ಮೇಲಿನ ತೋಟಗಳಲ್ಲಿ ಅಡಿಕೆಗೆ ಮದ್ದು ಬಿಟ್ಟಿದ್ದರಾ? ಆ ಮದ್ದು, ಬೋರ್ಡೋ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕೊಳೆರೋಗಕ್ಕೆ ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ಮೈಲುತುತ್ತಿನಲ್ಲಿ ಇರುವುದು ತಾಮ್ರ. ನಮ್ಮ ಮೆದು ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆ ತಾಮ್ರವೂ ಎಷ್ಟೋ ಜಾತಿಯ ಮೀನಿಗೆ ವಿಷ. ಡ್ರಮ್ ತೊಳೆದ ನೀರನ್ನು ತೋಡಿಗೆ ಚೆಲ್ಲದೆ ತೋಟದೊಳಗೇ ಚೆಲ್ಲಲಿಕ್ಕೆ ಹೇಳಿ.

ಅದೇ ಸದಸ್ಯರು: ಮದ್ದು ಬಿಟ್ಟದ್ದು ಹೌದು ಮೇಡಂ. ಡ್ರಮ್ ಎಲ್ಲಿ ತೊಳೆದದ್ದು ಅಂತ ಅಣ್ಣನ ಹತ್ರ ಕೇಳ್ತೇನೆ.

ಪ್ರಶ್ನೆ: ನಮ್ಮ ಗದ್ದೆ ಬದಿಯ ನೀರಿನ ಮೇಲೆ ಎಣ್ಣೆ ಹಾಗೆ ಬಣ್ಣಬಣ್ಣದ ಪದರ. ಡೀಸೆಲಾ?

ಉತ್ತರ: ಕಡ್ಡಿಯಿಂದ ಕುಟ್ಟಿ ನೋಡಿ. ಒಡೆದ ಗಾಜಿನ ಹಾಗೆ ಚೂರುಚೂರಾದರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಪದರ. ಕೆಂಪು ನೆಲದಲ್ಲಿ ಮಾಮೂಲು. ಕಡ್ಡಿ ತೆಗೆದ ಕೂಡಲೇ ಸುರುಳಿ ಸುತ್ತಿ ಮತ್ತೆ ಒಂದಾದರೆ ಎಣ್ಣೆ.

ಪ್ರಶ್ನೆ (ಮಂಗಳೂರು): ನಮ್ಮ ಫ್ಲಾಟಿನಲ್ಲಿ ಎಸ್‌ಟಿಪಿ ಉಂಟು. ಕರೆಂಟ್ ಬಿಲ್ ಜಾಸ್ತಿ ಅಂತ ಕಮಿಟಿಯವರು ರಾತ್ರಿ ಆಫ್ ಮಾಡಿಸುತ್ತಾರೆ. ಇದರಿಂದ ತೊಂದರೆ ಉಂಟಾ?

ಉತ್ತರ: ಉಂಟು. ಕೊಳೆ ತಿನ್ನುವ ಕೆಲಸ ಮಾಡುವುದು ಮೆಷಿನ್ ಅಲ್ಲ, ಅದರೊಳಗಿನ ಬ್ಯಾಕ್ಟೀರಿಯಾ. ಬ್ಲೋವರ್ ಅವಕ್ಕೆ ಗಾಳಿ ಕೊಡುತ್ತದೆ. ರಾತ್ರಿ ಪೂರ್ತಿ ಗಾಳಿ ನಿಲ್ಲಿಸಿ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಸ್ನಾನ ಮಾಡಿದರೆ ಆ ಬಡಪಾಯಿಗಳು ಎಂತ ಮಾಡಬೇಕು? ಒಮ್ಮೆ ನೀವೇ ಇಳಿದು ನೋಡಿ. ಗಾಳಿ ಹಾಯುವ ಟ್ಯಾಂಕಿನ ನೀರು ಚಾಕೊಲೇಟ್ ಬಣ್ಣ ಇದ್ದು ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ ಇದೆ. ಕಪ್ಪಾಗಿ ಕೊಳೆತ ಮೊಟ್ಟೆ ನಾತ ಬಂದರೆ ಸತ್ತಿದೆ. ಆ ನೀರನ್ನು ಗಾಜಿನ ಜಾಡಿಯಲ್ಲಿ ಹಿಡಿದು 30 ನಿಮಿಷ ಅಲುಗಾಡಿಸದೆ ಇಡಿ. ಕೆಸರು ಕೆಳಗೆ ಕೂತು ಮೇಲೆ ತಿಳಿನೀರು ನಿಲ್ಲಬೇಕು.

ನಾನು ನೋಡಿದ ಒಂದು ಫ್ಲಾಟಿನಲ್ಲಿ ಬ್ಲೋವರ್ ಮೇಲೆ ಜೇಡರ ಬಲೆ ಇತ್ತು. ದಿನಚರಿ ಪುಸ್ತಕದಲ್ಲಿ ಮಾತ್ರ ಪ್ರತಿ ದಿನವೂ "ಸರಿ ಇದೆ" ಅಂತ ಸಹಿ. ಜೋರು ಮಳೆ ಬರುವ ರಾತ್ರಿ ಎಲ್ಲವನ್ನೂ ಚರಂಡಿಗೆ ಬಿಡುತ್ತಿದ್ದರು ಅಂತ ವಾಚ್‌ಮನ್ ಹೇಳಿದ.

ಇನ್ನೊಬ್ಬರು (ಮಂಗಳೂರು): ಎಲ್ಲಾ ತಪ್ಪು ಮನೆಯವರದ್ದೇ ಅಂತ ಆಯ್ತಲ್ಲ ಮೇಡಂ. ಕಾರ್ಖಾನೆಯವರನ್ನು ಸುಮ್ನೆ ಬಿಟ್ಟುಬಿಡುವುದಾ?

ಉತ್ತರ: ಖಂಡಿತ ಇಲ್ಲ. ಮನೆಯ ಕೊಳೆ ಕೊಳೆತು ಹೋಗುತ್ತದೆ. ಲೋಹ, ಎಣ್ಣೆ, ಬಣ್ಣ ಹಾಗಲ್ಲ. ಲೋಹವಂತೂ ಕುದಿಸಿದರೂ ಹೋಗುವುದಿಲ್ಲ, ಕೆಸರಿನಲ್ಲಿ ಕೂತು ಮರುವಾಯಿಯ ಹೊಟ್ಟೆ ಸೇರುತ್ತದೆ. ಮರುವಾಯಿ ನೀರು ಸೋಸಿಯೇ ಬದುಕುವ ಚಿಪ್ಪಿನ ಜೀವ. ಚರಂಡಿ ಸೇರುವ ಜಾಗದಿಂದ ಹೆಕ್ಕಿದ್ದನ್ನು ನಾನಂತೂ ತಿನ್ನುವುದಿಲ್ಲ. 1974ರ ಜಲ ಮಾಲಿನ್ಯ ಕಾಯ್ದೆ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇಲ್ಲದೆ ಹೊಳೆಗೆ ತ್ಯಾಜ್ಯ ಬಿಡುವ ಹಾಗಿಲ್ಲ.

ದೂರು ಕೊಡುವಾಗ ಒಂದು ಉಪಾಯ. ಫಲ್ಗುಣಿ ಹೊಳೆಯ ಕೆಳಭಾಗದಲ್ಲಿ, ಅಳಿವೆಯ ಹತ್ತಿರ, ಉಬ್ಬರದ ಹೊತ್ತಿಗೆ ಸಮುದ್ರದ ನೀರು ಒಳಗೆ ನುಗ್ಗಿ ಎಲ್ಲವನ್ನೂ ತೆಳು ಮಾಡುತ್ತದೆ. ಆಗ ಯಾರನ್ನಾದರೂ ಕರೆದು ತೋರಿಸಿದರೆ "ಎಂತ ಇಲ್ಲಲ್ಲ" ಅನ್ನುತ್ತಾರೆ. ಇಳಿತದ ಹೊತ್ತಿಗೆ ಕರೆಯಿರಿ. ಆಗ ಪೈಪಿನ ಬಾಯಿಯೂ ಕಾಣುತ್ತದೆ. ಮೀನು ಹಿಡಿಯುವವರ ಹತ್ತಿರ ಕೇಳಿದರೆ ಹೊತ್ತು ಹೇಳುತ್ತಾರೆ. ಜಾಗ, ದಿನ, ಗಂಟೆ ಬರೆದು ಫೋಟೋ ಸಮೇತ ಕೊಡಿ.

ಪ್ರಶ್ನೆ: ನಾವು ಕುಡಿಯುವುದು ತುಂಬೆ ಅಣೆಕಟ್ಟಿನ ನೀರು. ಬೇಸಗೆಯಲ್ಲಿ ಹೆದರಬೇಕಾ?

ಉತ್ತರ: ನೇತ್ರಾವತಿ ಧರ್ಮಸ್ಥಳ ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು, ಬಂಟ್ವಾಳ ಕಳೆದು ತುಂಬೆಗೆ ಬರುತ್ತದೆ. ದಾರಿಯ ಪೇಟೆಗಳ ಚರಂಡಿ, ಸ್ನಾನಘಟ್ಟಗಳ ಶಾಂಪೂ ಪ್ಯಾಕೆಟ್, ಬಿಟ್ಟುಹೋದ ಬಟ್ಟೆ ವರ್ಷಪೂರ್ತಿ ಹೆಚ್ಚುಕಡಿಮೆ ಅಷ್ಟೇ. ಏಪ್ರಿಲ್‌ನಲ್ಲಿ ಅದನ್ನು ತೆಳು ಮಾಡುವ ನೀರು ಇರುವುದಿಲ್ಲ, ಅದೇ ಸಮಸ್ಯೆ. ಶುದ್ಧೀಕರಿಸಿಯೇ ಕೊಡುತ್ತಾರೆ, ಹೆದರಬೇಡಿ. ನಿಮ್ಮ ಬಿಲ್ಡಿಂಗಿನ ಸಂಪು ತೊಳೆದು ಎಷ್ಟು ವರ್ಷ ಆಯ್ತು, ಅದನ್ನು ನೋಡಿ.

ಮೊದಲ ಪ್ರಶ್ನೆ ಕೇಳಿದವರು (ಮೂರು ದಿನ ಬಿಟ್ಟು): ಮೇಡಂ, ಬಾಟಲಿ ಮಸಿ ಹಾಗೆ ಕಪ್ಪಾಯ್ತು. ಪೂರ್ವದ ಮನೆಯ ಅಕ್ಕನಿಗೆ ತೋರಿಸಿದೆ. ಅವರ ಪಿಟ್ ನಮ್ಮ ಬಾವಿಯಿಂದ 14 ಅಡಿ. ಟೇಪ್ ಹಿಡಿದು ಅಳೆದೆವು. ಅವರಿಗೂ ಗೊತ್ತಿರಲಿಲ್ಲ.

ಉತ್ತರ: ಆ ಬಾಟಲಿಯನ್ನು ಸಿಂಕಿನಲ್ಲಿ ಚೆಲ್ಲಬೇಡಿ. ಬ್ಲೀಚಿಂಗ್ ನೀರು ಬೆರೆಸಿ ಟಾಯ್ಲೆಟಿಗೆ ಹಾಕಿ. ಲ್ಯಾಬಿಗೆ ಹೊಸ ನೀರು ಕೊಡಿ. ಪಿಟ್ಟಿನ ತಳ ತೆರೆದಿದ್ದರೆ ಅದನ್ನು ಕಾಂಕ್ರೀಟ್ ಹಾಕಿ ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕ್ ಮಾಡಬಹುದು. ಇಂಗುಗುಂಡಿಯನ್ನು ಮಾತ್ರ ಎಲ್ಲರ ಬಾವಿಯಿಂದಲೂ ದೂರದ ಮೂಲೆಗೆ ಪೈಪ್ ಎಳೆದು ಸಾಗಿಸಿ. ಎರಡು ಮನೆಯವರು ಸೇರಿ ಒಂದೇ ಮಾಡಿಸಿದರೆ ಖರ್ಚು ಅರ್ಧ. ಖಾಲಿ ಮಾಡಿಸುವುದು ಮೆಷಿನ್ ಗಾಡಿಯಿಂದ ಮಾತ್ರ, ಯಾರನ್ನೂ ಒಳಗೆ ಇಳಿಸಬೇಡಿ. ನಿಮ್ಮ ಬಾವಿಯ ಮೇಲಿನ ಹತ್ತು ಅಡಿಗೆ ನೀರು ಜಿನುಗದ ಹಾಗೆ ಸಿಮೆಂಟ್ ಮಾಡಿಸಿ, ಸುತ್ತ ಕಟ್ಟೆ ಕಟ್ಟಿಸಿ.

ಅದೇ ಸದಸ್ಯರು: ಆಯ್ತು ಮೇಡಂ. ಆಚೆಮನೆ ಅಕ್ಕ ಅವರಿಗೂ ಒಂದು ಬಾಟಲಿ ಬೇಕು ಅಂದ್ರು. ಅವರ ಪೂರ್ವಕ್ಕೂ ಒಂದು ಮನೆ ಉಂಟಲ್ಲ.

ಉತ್ತರ: ಪಂಚಾಯತಿಗೆ ಹೋದಾಗ ಮೂರು ತನ್ನಿ.